ಏಳು, ಒಂಬತ್ತು, ಹನ್ನೆರಡು: ಕಪಾಲ ನರಗಳನ್ನು ಎಣಿಸಿದ ಕಥೆ

ಮೆದುಳಿನಿಂದ ನೇರವಾಗಿ ಹೊರಟು ಕಣ್ಣು, ಕಿವಿ, ಮುಖ, ನಾಲಿಗೆ, ಗಂಟಲಿಗೆ ಹೋಗುವ ಕಪಾಲ ನರಗಳು ಹನ್ನೆರಡು ಜೊತೆ. ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಇದನ್ನು ಬಾಯಿಪಾಠ ಮಾಡುತ್ತಾರೆ. ಈ ಲೆಕ್ಕ ಗಟ್ಟಿಯಾಗಲು ಹದಿನಾರು ಶತಮಾನ ಹಿಡಿಯಿತು. ಅಷ್ಟು ಕಾಲದಲ್ಲಿ ಬದಲಾದದ್ದು ತಲೆಬುರುಡೆಯನ್ನು ತೆರೆಯುವ ರೀತಿ.

ಅರಿಸ್ಟಾಟಲನ ಪ್ರಕಾರ ಮೆದುಳು ರಕ್ತವನ್ನು ತಂಪಾಗಿಸುವ ಅಂಗ, ಬುದ್ಧಿಯ ನೆಲೆ ಹೃದಯ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್, ಎರಾಸಿಸ್ಟ್ರಾಟಸ್ ಇಬ್ಬರೂ ಮನುಷ್ಯರ ಹೆಣಗಳನ್ನೇ ಕೊಯ್ದು ನೋಡಿ, ನರಗಳ ಬೇರು ಮೆದುಳಿನಲ್ಲಿದೆ ಎಂದರು. ಅವರ ಬರಹಗಳು ಉಳಿಯಲಿಲ್ಲ. ಉಳಿದು ಆಳಿದ್ದು ಕ್ರಿ.ಶ. 2ನೇ ಶತಮಾನದ ಗ್ಯಾಲೆನ್‌ನ ಮಾತು. ರೋಮಿನಲ್ಲಿ ಜನರೆದುರು ಆತ ಕಿರುಚುತ್ತಿದ್ದ ಹಂದಿಯ ಕುತ್ತಿಗೆ ಬಿಡಿಸಿ, ಧ್ವನಿಪೆಟ್ಟಿಗೆಗೆ ಹೋಗುವ ಎಳೆಯಂಥ ನರಗಳನ್ನು ದಾರದಿಂದ ಬಿಗಿಯುತ್ತಿದ್ದ. ಹಂದಿ ಒದ್ದಾಡುತ್ತಲೇ ಇರುತ್ತಿತ್ತು, ದನಿ ಮಾತ್ರ ಅಡಗಿಹೋಗುತ್ತಿತ್ತು. ಗಂಟು ಸಡಿಲಿಸಿದರೆ ಮತ್ತೆ ಕಿರುಚಾಟ. ದನಿ ಹುಟ್ಟುವುದು ಎದೆಯಲ್ಲಿ ಎಂದು ನಂಬಿದ್ದವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. ಕ್ರೂರ ಪ್ರಯೋಗ, ನಿಜ. ಆದರೆ ವೇಗಸ್ ನರದ ಈ ಕವಲು ಎದೆಯವರೆಗೆ ಇಳಿದು ಮತ್ತೆ ಗಂಟಲಿಗೆ ಹತ್ತುತ್ತದೆ ಎಂಬುದನ್ನು ಕಂಡವನೂ ಅವನೇ. ಥೈರಾಯ್ಡ್ ಆಪರೇಷನ್ ಮಾಡುವವರು ಇಂದಿಗೂ ಈ ನರಕ್ಕೆ ಏಟಾಗದಂತೆ ಎಚ್ಚರ ವಹಿಸುತ್ತಾರೆ. ಏಟಾದರೆ ದನಿ ಒಡೆಯುತ್ತದೆ.

ಗ್ಯಾಲೆನ್ ಎಣಿಸಿದ್ದು ಏಳು ಜೊತೆ. ವಾಸನೆಯ ನರವನ್ನು ಆತ ನರವೆಂದೇ ಗಣಿಸಲಿಲ್ಲ. ಅವನು ಕೊಯ್ದದ್ದು ಕೋತಿ, ಹಂದಿ, ಎತ್ತುಗಳನ್ನು. ಎತ್ತಿನ ಮೆದುಳಿನ ತಳದಲ್ಲಿರುವ ರಕ್ತನಾಳಗಳ ಬಲೆ ಮನುಷ್ಯನಲ್ಲೂ ಇದೆ ಎಂದು ನಂಬಿದ. ಆ ನಂಬಿಕೆ ಸಾವಿರ ವರ್ಷಕ್ಕೂ ಮೀರಿ ಬಾಳಿತು. 1543ರಲ್ಲಿ ವೆಸಾಲಿಯಸ್ ಅಂಥ ಬಲೆ ಮನುಷ್ಯನಲ್ಲಿಲ್ಲ ಎಂದು ಬರೆದ. ಅಷ್ಟು ಧೈರ್ಯ ತೋರಿದವನೂ ನರಗಳ ಲೆಕ್ಕವನ್ನು ಏಳರಲ್ಲೇ ಬಿಟ್ಟ. ಮೆದುಳನ್ನು ಬುರುಡೆಯೊಳಗೇ ಇಟ್ಟು ಮೇಲಿನಿಂದ ಹೋಳು ಹೋಳಾಗಿ ಕೊಯ್ಯುತ್ತಾ ಇಳಿದರೆ, ತಳದಿಂದ ಹೊರಡುವ ನರಗಳು ಕಾಣುವುದು ಕೊನೆಗೆ, ಎಲ್ಲ ಕಲಸಿಹೋದ ಮೇಲೆ.

ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ ಮೆದುಳನ್ನು ಇಡಿಯಾಗಿ ಹೊರತೆಗೆದು ಬೋರಲು ಹಾಕಿದ. ಹೇಳಿದಷ್ಟು ಸುಲಭವಲ್ಲ ಇದು. ಬೆಂಗಳೂರಿನ ನಿಮ್ಹಾನ್ಸ್ ಸಂಗ್ರಹಾಲಯದಲ್ಲಿ ನೋಡುಗರ ಕೈಗೆ ಕೊಡುವ ಮೆದುಳು ಗಟ್ಟಿಯಾಗಿರುವುದು ಫಾರ್ಮಲಿನ್‌ನಿಂದ. ಹಸಿ ಮೆದುಳು ಮುಟ್ಟಿದರೆ ಕುಸಿಯುವಷ್ಟು ಮೆತ್ತಗೆ. ವಿಲ್ಲಿಸ್‌ನ ಬಳಿ ಇದ್ದದ್ದು ಮದ್ಯಸಾರ. 1664ರಲ್ಲಿ ಹೊರಬಂದ ಅವನ ಗ್ರಂಥಕ್ಕೆ ಚಿತ್ರ ಬರೆದವನು ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿಸಿದ ಕ್ರಿಸ್ಟೋಫರ್ ರೆನ್. ಮೆದುಳಿನ ತಳದ ರಕ್ತನಾಳಗಳ ವರ್ತುಲಕ್ಕೆ ಇಂದಿಗೂ ವಿಲ್ಲಿಸ್‌ನ ಹೆಸರಿದೆ. ನರಗಳ ಲೆಕ್ಕ ಅವನಲ್ಲಿ ಒಂಬತ್ತಾಯಿತು. ಕುತ್ತಿಗೆಯ ಮೊದಲ ನರವನ್ನೂ ಹತ್ತನೆಯದೆಂದು ಸೇರಿಸಿಕೊಂಡಿದ್ದ, ಅದು ಬೇರೆ ಮಾತು.

1778ರಲ್ಲಿ ಗಾಟಿಂಗೆನ್ನಿನ ಸ್ಯಾಮ್ಯುಯೆಲ್ ಸೊಮ್ಮರಿಂಗ್ ತನ್ನ ಪ್ರಬಂಧದಲ್ಲಿ ವಿಲ್ಲಿಸ್‌ನ ಏಳನೆಯ ನರವನ್ನು ಮುಖದ್ದು, ಕಿವಿಯದ್ದು ಎಂದು ಎರಡು ಮಾಡಿದ. ಎಂಟನೆಯದನ್ನು ಮೂರಾಗಿ ಒಡೆದ. ಒಂಬತ್ತು ಹನ್ನೆರಡಾಯಿತು. ಇಷ್ಟು ಕರಾರುವಾಕ್ಕಾದ ಮನುಷ್ಯ, ಆತ್ಮದ ನೆಲೆ ಮೆದುಳಿನ ಕುಹರಗಳೊಳಗಿನ ದ್ರವದಲ್ಲಿದೆ ಎಂದು 1796ರಲ್ಲಿ ಪುಸ್ತಕವನ್ನೇ ಬರೆದ!

ಎಣಿಕೆ ಮುಗಿದರೂ ಯಾವ ನರ ಏನು ಮಾಡುತ್ತದೆ ಎಂಬುದು ಬಾಕಿಯಿತ್ತು. 1820ರ ದಶಕದ ಆರಂಭದಲ್ಲಿ ಚಾರ್ಲ್ಸ್ ಬೆಲ್, ಹರ್ಬರ್ಟ್ ಮೇಯೋ ಇದರ ಬೆನ್ನು ಹತ್ತಿದರು: ಮುಖದ ಸ್ಪರ್ಶ ಮತ್ತು ಅಗಿಯುವ ಕೆಲಸ ಐದನೆಯ ನರದ್ದು, ನಗು ಅಳುವಿನ ಚಲನೆ ಏಳನೆಯದ್ದು. ಅದೇ ದಶಕದಲ್ಲಿ ಫ್ಲೂರೆನ್ಸ್ ಪ್ರಾಣಿಗಳ ಕಿರುಮೆದುಳು ತೆಗೆದು, ನಡಿಗೆಯ ಹೊಂದಾಣಿಕೆ ತಪ್ಪುವುದನ್ನು ತೋರಿಸಿದ. 1861ರಲ್ಲಿ ಬ್ರೋಕಾ ಮಾತನ್ನು ಮಹಾಮಸ್ತಿಷ್ಕದ ಮುಂಭಾಗದಲ್ಲಿ ಗುರುತಿಸಿದ. 1870ರಲ್ಲಿ ಫ್ರಿಚ್ ಮತ್ತು ಹಿಟ್ಸಿಗ್ ನಾಯಿಯ ಮೆದುಳಿನ ಒಂದು ಬದಿಗೆ ವಿದ್ಯುತ್ ಹಾಯಿಸಿದಾಗ ಇನ್ನೊಂದು ಬದಿಯ ಕಾಲು ಅಲ್ಲಾಡಿತು.

ಇವೆಲ್ಲ ಒಟ್ಟಿಗೆ ಕೆಲಸಕ್ಕೆ ಬರುವುದನ್ನು ಯಾವ ಆಸ್ಪತ್ರೆಯಲ್ಲೂ ನೋಡಬಹುದು. ಬಾಯಿ ಸೊಟ್ಟಗಾಯಿತು, ಲಕ್ವ ಹೊಡೆದಿದೆ ಎಂದು ಗಾಬರಿಯಿಂದ ಕರೆತರುತ್ತಾರೆ. ಡಾಕ್ಟರು ಮೊದಲು ಹೇಳುವುದು, "ಹುಬ್ಬು ಏರಿಸಿ ನೋಡೋಣ." ಹಣೆಗೆ ಮೆದುಳಿನ ಎರಡೂ ಬದಿಗಳಿಂದ ಆಜ್ಞೆ ಬರುತ್ತದೆ. ಹಾಗಾಗಿ ಬಾಯಿ ವಾಲಿದ್ದರೂ ಹಣೆ ಎರಡೂ ಕಡೆ ಸುಕ್ಕುಗಟ್ಟಿದರೆ, ಏಟು ಮೆದುಳಿಗೇ ಬಿದ್ದಿರುವ ಸಂಶಯ. ಒಂದು ನಿಮಿಷವನ್ನೂ ಕಳೆಯುವಂತಿಲ್ಲ. ಹಣೆಯೂ ಅಲುಗದಿದ್ದರೆ ಸಾಮಾನ್ಯವಾಗಿ ತೊಂದರೆ ಏಳನೆಯ ನರದಲ್ಲಿ. ಅದಕ್ಕೆ ಬೆಲ್‌ನ ಹೆಸರಿನ ಪಾರ್ಶ್ವವಾಯು ಕಾರಣವಾದರೆ ಬಹುಪಾಲು ಜನ ಕೆಲವು ವಾರ, ತಿಂಗಳಲ್ಲಿ ಗುಣವಾಗುತ್ತಾರೆ. ಎಂಆರ್‌ಐ ಬಂದ ಮೇಲೂ ಈ ಪರೀಕ್ಷೆ ಹಳತಾಗಿಲ್ಲ.

ಹನ್ನೆರಡಾದರೂ ಗಟ್ಟಿಯೇ? ಎರಡನೆಯದಾದ ದೃಷ್ಟಿನರ ರಚನೆಯಲ್ಲಿ ಮೆದುಳಿನದೇ ಚಾಚು. ಹನ್ನೊಂದನೆಯದರ ಬೇರುಗಳು ಹೊರಡುವುದು ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ. ಇದರ ಮೇಲೆ, ಮೊದಲು ಶಾರ್ಕ್ ಮೀನಿನಲ್ಲಿ, ಆಮೇಲೆ ಮನುಷ್ಯನಲ್ಲೂ ಕಂಡ ಕೂದಲೆಳೆಯಂಥ ಇನ್ನೊಂದು ಜೊತೆ ವಾಸನೆಯ ನರದ ಪಕ್ಕದಲ್ಲಿದೆ. ಅಷ್ಟರಲ್ಲಿ ಒಂದರಿಂದ ಹನ್ನೆರಡರವರೆಗಿನ ಅಂಕಿಗಳೆಲ್ಲ ಹಂಚಿಹೋಗಿದ್ದವು; ಅದಕ್ಕೆ ಸೊನ್ನೆ ಕೊಟ್ಟರು.