ತಾರಾಲಯ: ಅರ್ಥ ಮತ್ತು ಉಪಯೋಗಗಳು

ತಾರಾಲಯ ಎಂದರೇನು

ಅರ್ಧಗೋಳಾಕಾರದ ಗುಮ್ಮಟದ ಒಳಮೈಯನ್ನೇ ಪರದೆಯನ್ನಾಗಿಸಿ, ಅದರ ಮೇಲೆ ಸೂರ್ಯ, ಚಂದ್ರ, ಗ್ರಹ ಹಾಗೂ ನಕ್ಷತ್ರಗಳ ಬಿಂಬಗಳನ್ನು ಅವುಗಳ ಸ್ಥಾನಕ್ಕನುಗುಣವಾಗಿ ಮೂಡಿಸಿ, ಅವುಗಳ ಚಲನೆಯನ್ನು ತೋರಿಸುವ ಸಭಾಂಗಣವನ್ನು ತಾರಾಲಯವೆಂದು ಕರೆಯಲಾಗುತ್ತದೆ. ಇದನ್ನು ಖಗೋಳ ವೀಕ್ಷಣಾಲಯವೆಂದು ಭಾವಿಸುವವರು ಹಲವರಿದ್ದಾರೆ. ಆದರೆ ಇವೆರಡೂ ಬೇರೆ ಬೇರೆ. ತಮಿಳುನಾಡಿನ ಕಾವಲೂರಿನಲ್ಲಿರುವ ವೈನು ಬಾಪು ವೀಕ್ಷಣಾಲಯದಲ್ಲಿ ದೂರದರ್ಶಕಗಳು ನಿಜವಾದ ಆಕಾಶದ ಬೆಳಕನ್ನು ಸಂಗ್ರಹಿಸುತ್ತವೆ. ಮೋಡ ಕವಿದರೆ ಅಲ್ಲಿ ವೀಕ್ಷಣೆ ನಿಲ್ಲುತ್ತದೆ. ತಾರಾಲಯದಲ್ಲಿ ಕಾಣುವುದು ಆಕಾಶದ ಪ್ರತಿಕೃತಿ. ಆದುದರಿಂದ ಆಷಾಢದ ನಡುಹಗಲಿನಲ್ಲಿಯೂ ಅಲ್ಲಿ ನಕ್ಷತ್ರಗಳು ಬೆಳಗುತ್ತವೆ.

ಪ್ರತಿಕೃತಿಯಾದರೂ ನಿಜವಾದ ಆಕಾಶಕ್ಕಿಲ್ಲದ ಒಂದು ಅನುಕೂಲ ಇದಕ್ಕಿದೆ. ಇಲ್ಲಿ ಕಾಲವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬಹುದು. ಒಂದು ವರ್ಷದ ಚಲನೆಯನ್ನು ಒಂದೆರಡು ನಿಮಿಷಗಳಲ್ಲಿ ನೋಡಬಹುದು. ತಾರಾಲಯದ ಉಪಯೋಗಗಳು ಬಹುಮಟ್ಟಿಗೆ ಇದರಿಂದಲೇ ಉಂಟಾಗಿವೆ.

ಹಿನ್ನೆಲೆ

1774ರ ಮೇ ತಿಂಗಳಲ್ಲಿ ಚಂದ್ರ ಹಾಗೂ ಬುಧ, ಶುಕ್ರ, ಮಂಗಳ, ಗುರು ಗ್ರಹಗಳು ಆಕಾಶದ ಒಂದೇ ಭಾಗದಲ್ಲಿ ಸೇರಲಿದ್ದವು. ಇದರಿಂದ ಭೂಮಿಯು ತನ್ನ ಕಕ್ಷೆಯಿಂದ ಕದಲಿ ನಾಶವಾಗುವುದೆಂಬ ಭೀತಿ ನೆದರ್‌ಲ್ಯಾಂಡ್ಸ್‌ನ ಫ್ರಿಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹರಡಿತು. ಆ ಪ್ರಾಂತ್ಯದ ಫ್ರಾನೆಕರ್ ಪಟ್ಟಣದಲ್ಲಿ ಉಣ್ಣೆ ಹದಗೊಳಿಸುವ ಕಸುಬಿನ ಐಸೆ ಐಸಿಂಗಾ ಎಂಬವರು ಗ್ರಹಗಳ ನಿಜವಾದ ಚಲನೆಯನ್ನು ತಿಳಿಸಲು ತಮ್ಮ ಮನೆಯ ಛಾವಣಿಯಲ್ಲಿಯೇ ಸೌರಮಂಡಲದ ಚಲಿಸುವ ಮಾದರಿಯನ್ನು ನಿರ್ಮಿಸಲು ತೊಡಗಿ, 1781ರಲ್ಲಿ ಪೂರ್ಣಗೊಳಿಸಿದರು. ಮರದ ಚಕ್ರಗಳು, ಹಲ್ಲುಗಳಂತೆ ಬಡಿದ ಕಬ್ಬಿಣದ ಮೊಳೆಗಳು ಮತ್ತು ಲೋಲಕದ ಗಡಿಯಾರದಿಂದ ಅದು ನಡೆಯುತ್ತದೆ. ಅಲ್ಲಿನ ಶನಿಗ್ರಹವು ಆಕಾಶದಲ್ಲಿರುವಂತೆಯೇ ಒಂದು ಸುತ್ತಿಗೆ ಸುಮಾರು 29 ವರ್ಷಗಳನ್ನು ತೆಗೆದುಕೊಳ್ಳುತ್ತದೆ. 1781ರಲ್ಲಿಯೇ ಯುರೇನಸ್ ಪತ್ತೆಯಾಯಿತು; ಆದರೆ ಅದಕ್ಕೆ ಛಾವಣಿಯಲ್ಲಿ ಸ್ಥಳವಿರಲಿಲ್ಲ. ಇಂದಿಗೂ ನಡೆಯುತ್ತಿರುವ ಈ ಮಾದರಿಯನ್ನು ಯುನೆಸ್ಕೋ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಳಕಿನ ಬಿಂಬಗಳನ್ನು ಬಳಸುವ ಆಧುನಿಕ ತಾರಾಲಯವು ಜರ್ಮನಿಯ ಕೊಡುಗೆಯಾಗಿದೆ. ಜೇನಾ ನಗರದ ಕಾರ್ಲ್ ಜೈಸ್ ಸಂಸ್ಥೆಯ ವಾಲ್ಟರ್ ಬವರ್ಸ್‌ಫೆಲ್ಡ್ ಅವರು ರೂಪಿಸಿದ ಪ್ರೊಜೆಕ್ಟರನ್ನು 1923ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿ ಮೊದಲು ಪ್ರದರ್ಶಿಸಲಾಯಿತು. ಆ ಯಂತ್ರವು ಮ್ಯೂನಿಕ್‌ನ ಅಕ್ಷಾಂಶದಿಂದ ಕಾಣುವ ಆಕಾಶವನ್ನು ಮಾತ್ರ ತೋರಿಸುತ್ತಿತ್ತು. ಭೂಮಿಯ ಯಾವುದೇ ಸ್ಥಳದ ಆಕಾಶವನ್ನು ತೋರಿಸಬಲ್ಲ ಯಂತ್ರಗಳು ಅನಂತರ ಬಂದವು.

ಫ್ರಿಸ್‌ಲ್ಯಾಂಡ್‌ನ ಭೀತಿಯನ್ನು ಹೋಲುವ ಘಟನೆ ಭಾರತದಲ್ಲಿಯೂ ನಡೆದಿದೆ. 1962ರ ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ, ಚಂದ್ರ ಹಾಗೂ ಐದು ಗ್ರಹಗಳು ಮಕರ ರಾಶಿಯಲ್ಲಿ ಸೇರಿದವು. ಕೇತುವನ್ನೂ ಎಣಿಸಿ ಇದನ್ನು ಅಷ್ಟಗ್ರಹ ಕೂಟವೆಂದು ಕರೆಯಲಾಯಿತು. ಪ್ರಳಯವಾಗುವುದೆಂಬ ಭಯದಿಂದ ದೇಶದ ಅನೇಕ ಕಡೆ ಶಾಂತಿ ಹೋಮಗಳು ನಡೆದವು. ಏನೂ ಸಂಭವಿಸಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದ ಬಿರ್ಲಾ ತಾರಾಲಯವು ಆರಂಭವಾದುದು ಕಾಕತಾಳೀಯವಿರಬಹುದು. ಒಂದೇ ದಿಕ್ಕಿನಲ್ಲಿ ಕಾಣುವ ಗ್ರಹಗಳು ಪರಸ್ಪರ ಕೋಟ್ಯಂತರ ಕಿಲೋಮೀಟರ್ ದೂರದಲ್ಲಿರುತ್ತವೆ ಎಂಬುದನ್ನು ಮನವರಿಕೆ ಮಾಡಲು ಮಾತ್ರ ತಾರಾಲಯಕ್ಕಿಂತ ಸೂಕ್ತವಾದ ಸ್ಥಳ ಮತ್ತೊಂದಿಲ್ಲ.

ಉಪಯೋಗಗಳು

ಮಂಗಳ ಗ್ರಹದ ವಕ್ರಗತಿಯನ್ನು ಆಕಾಶದಲ್ಲಿ ಗುರುತಿಸಲು ಹಲವು ವಾರಗಳ ವೀಕ್ಷಣೆ ಬೇಕು. ತಾರಾಲಯದಲ್ಲಿ ಅದು ಕ್ಷಣಗಳಲ್ಲಿ ಕಾಣುತ್ತದೆ. ಧ್ರುವ ನಕ್ಷತ್ರವು ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಿರುವುದನ್ನೂ, ಉತ್ತರ ಧ್ರುವದಲ್ಲಿ ಅದು ನೆತ್ತಿಯ ಮೇಲೆ ಬರುವುದನ್ನೂ ಕುಳಿತಲ್ಲಿಯೇ ನೋಡಬಹುದು. ಅಕ್ಷಾಂಶವೆಂದರೇನೆಂದು ಮಕ್ಕಳಿಗೆ ಬೇರೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಮಕರ ಸಂಕ್ರಾಂತಿಯನ್ನು ಉತ್ತರಾಯಣದ ಆರಂಭವೆಂದು ಆಚರಿಸುವುದು ವಾಡಿಕೆ. ವಾಸ್ತವದಲ್ಲಿ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಓಲಾಡುವುದರಿಂದ ಈ ಅಂತರ ಉಂಟಾಗಿದ್ದು, ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ಹೆಚ್ಚುತ್ತಿದೆ. ಸುಮಾರು 1,700 ವರ್ಷಗಳಷ್ಟು ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಇವೆರಡೂ ಒಂದೇ ದಿನ ಕೂಡುವುದನ್ನು ಗುಮ್ಮಟದಲ್ಲಿ ನೋಡಬಹುದು.

ಗ್ರಹಣಗಳ ವಿಷಯದಲ್ಲಿಯೂ ಹೀಗೆಯೇ. 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದ ಸಂಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ ಬಾಗಿಲು ಮುಚ್ಚಿ ಒಳಗೇ ಉಳಿದವರು ಬಹಳ. ಅವರು ಅಂದು ಕಾಣದೆ ಹೋದುದನ್ನು ತಾರಾಲಯ ಈಗಲೂ ತೋರಿಸಬಲ್ಲದು.

ತರಬೇತಿಗೂ ತಾರಾಲಯಗಳು ಬಳಕೆಯಾಗಿವೆ. ಅಮೆರಿಕದ ಮೋರ್‌ಹೆಡ್ ತಾರಾಲಯದಲ್ಲಿ 60ಕ್ಕೂ ಹೆಚ್ಚು ಗಗನಯಾತ್ರಿಗಳು ನಕ್ಷತ್ರಗಳನ್ನು ಗುರುತಿಸಲು ಕಲಿತರು. 1969ರ ನವೆಂಬರ್‌ನಲ್ಲಿ ಅಪೊಲೊ 12 ನೌಕೆಗೆ ಉಡಾವಣೆಯ ವೇಳೆ ಸಿಡಿಲು ಬಡಿದು ಅದರ ದಿಕ್ಸೂಚಕ ವ್ಯವಸ್ಥೆ ತಪ್ಪಿದಾಗ, ಯಾತ್ರಿಗಳು ನಕ್ಷತ್ರಗಳನ್ನು ಆಧರಿಸಿಯೇ ಅದನ್ನು ಸರಿಪಡಿಸಿದರು.

ಇವೆಲ್ಲಕ್ಕಿಂತ ಸರಳವಾದ ಉಪಯೋಗವೊಂದಿದೆ. ಬೀದಿದೀಪಗಳ ಬೆಳಕಿನಿಂದಾಗಿ ನಗರಗಳಲ್ಲಿ ಈಗ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುತ್ತವೆ. ಆಕಾಶಗಂಗೆಯನ್ನು ನಗರದ ಮಗುವೊಂದು ಮೊದಲ ಬಾರಿಗೆ ಕಾಣುವುದು ಬಹುತೇಕ ತಾರಾಲಯದಲ್ಲಿಯೇ.

ಕರ್ನಾಟಕದಲ್ಲಿ ತಾರಾಲಯಗಳು

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು 1989ರಲ್ಲಿ ಸ್ಥಾಪನೆಯಾಯಿತು. ಪ್ರದರ್ಶನಗಳ ಜೊತೆಗೆ ವಿದ್ಯಾರ್ಥಿಗಳಿಗೆ ವಿಜ್ಞಾನ ತರಗತಿಗಳನ್ನೂ ನಡೆಸಿಕೊಂಡು ಬಂದಿರುವುದು ಇದರ ವೈಶಿಷ್ಟ್ಯ. ಮಂಗಳೂರಿನ ಪಿಲಿಕುಳದಲ್ಲಿರುವ ಸ್ವಾಮಿ ವಿವೇಕಾನಂದ ತಾರಾಲಯವು 2018ರಲ್ಲಿ ಆರಂಭವಾಗಿದ್ದು, ಮೂರು ಆಯಾಮದ ಪ್ರದರ್ಶನಕ್ಕೆ ಹೆಸರಾಗಿದೆ.

ಡಿಜಿಟಲ್ ಪ್ರೊಜೆಕ್ಟರ್‌ಗಳು ಬಂದ ನಂತರ ಸಿದ್ಧ ಚಲನಚಿತ್ರಗಳ ಪ್ರದರ್ಶನವು ಎಲ್ಲೆಡೆ ಹೆಚ್ಚಿದೆ. ಚಿತ್ರಗಳು ಆಕರ್ಷಕವೇ. ಆದರೂ ಆ ದಿನ ಸಂಜೆಯ ಆಕಾಶವನ್ನು ಗುಮ್ಮಟದಲ್ಲಿ ತೋರಿಸಿ, ಕನ್ನಡದಲ್ಲಿ ವಿವರಿಸಿ, ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವ ಅರ್ಧ ಗಂಟೆಯ ಪ್ರಯೋಜನ ಅವುಗಳಿಂದ ದೊರೆಯುವುದಿಲ್ಲ. ಶಾಲೆಗಳಿಂದ ಮಕ್ಕಳನ್ನು ಕರೆತರುವ ಶಿಕ್ಷಕರು ಇಂತಹ ವಿವರಣೆ ಇರುವ ಪ್ರದರ್ಶನವನ್ನು ವಿಚಾರಿಸಿ ಆಯ್ದುಕೊಳ್ಳುವುದು ಸೂಕ್ತ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕಾಗುವುದರಿಂದ ಪ್ರದರ್ಶನಕ್ಕೆ ಸಾಕಷ್ಟು ಮುಂಚಿತವಾಗಿ ತಲುಪುವುದು ಹಾಗೂ ಒಳಗೆ ಮೊಬೈಲ್ ದೂರವಾಣಿಯ ಬೆಳಕನ್ನು ಬಳಸದಿರುವುದು ಅಗತ್ಯ.