ವಿಂಡ್ಸರ್‌ನಲ್ಲಿ ಹುಲಿತಲೆ, ಪಟ್ಟಣದಲ್ಲಿ ಬುನಾದಿ

ಬೆಳ್ಳೂರು, ನಾಗಮಂಗಲ ಕಡೆಯಿಂದ ಮಗ-ಸೊಸೆ, ಮಗಳು-ಅಳಿಯನ ಮನೆಗೆಂದು ಲಂಡನ್ನಿಗೆ ಹೋಗಿಬರುವ ಗಂಡ-ಹೆಂಡತಿ ಈಗ ಅಪರೂಪವೇನಲ್ಲ. ಹೋದವರನ್ನು ಮಕ್ಕಳು ಒಂದು ದಿನ ಸುತ್ತಾಡಿಸುತ್ತಾರೆ. ಬೆಳಗ್ಗೆ ರೈಲು ಹತ್ತಿದರೆ ವಿಂಡ್ಸರ್ ಅರಮನೆ, ಮಧ್ಯಾಹ್ನದ ಮೇಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಕಲಾ ಮ್ಯೂಸಿಯಂ. ಅಷ್ಟು ದೂರ ಹೋದವರಿಗೆ ಎರಡು ಕಡೆಯೂ ಎದುರಾಗುವುದು ನಮ್ಮ ಶ್ರೀರಂಗಪಟ್ಟಣದ ಸಾಮಾನು.

ಮೊದಲು ಅರಮನೆ. ಲಂಡನ್ನಿನಿಂದ ಸುಮಾರು 35 ಕಿ.ಮೀ. ದೂರದ ವಿಂಡ್ಸರ್, ಇಂಗ್ಲೆಂಡಿನ ರಾಜರು ಒಂಬೈನೂರು ವರ್ಷಗಳಿಂದ ಬಳಸುತ್ತಿರುವ ಕೋಟೆಯರಮನೆ. ಅಲ್ಲಿರುವ ರಾಜಮನೆತನದ ಸಂಗ್ರಹದಲ್ಲಿ ಒಂದು ಹುಲಿತಲೆ ಇದೆ. ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು, ಕಣ್ಣು, ಹಲ್ಲು ಸ್ಫಟಿಕದ್ದು. ಇದು ಟಿಪ್ಪು ಸುಲ್ತಾನನ ಸಿಂಹಾಸನದ ತುಂಡು. ಸಿಂಹಾಸನ ಅನ್ನುವುದಕ್ಕಿಂತ ಹುಲಿಯಾಸನ ಅನ್ನುವುದೇ ಸರಿ. ಎಂಟು ಮೂಲೆಯ ಪೀಠ, ಅದನ್ನು ಹೊತ್ತ ಹುಲಿ, ಕಟಕಟೆಯ ಮೇಲೆ ಎಂಟು ಪುಟ್ಟ ಹುಲಿತಲೆ, ಮೇಲಿನ ಛತ್ರಿಯ ತುದಿಗೆ ವಜ್ರ, ಕೆಂಪು, ಪಚ್ಚೆ ಕೂರಿಸಿದ ಹುಮಾ ಎಂಬ ಹಕ್ಕಿ. ಇಂಗ್ಲಿಷರನ್ನು ಸೋಲಿಸುವ ತನಕ ಇದನ್ನು ಹತ್ತುವುದಿಲ್ಲ ಎಂದು ಟಿಪ್ಪು ಪಣ ತೊಟ್ಟಿದ್ದ ಎಂಬ ಮಾತಿದೆ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಊರೆಲ್ಲಾ ಲೂಟಿ. ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ತನ್ನ ಸೈನಿಕರಲ್ಲೇ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಆಮೇಲೆ ಶುರುವಾದದ್ದು ಲೆಕ್ಕದ ಲೂಟಿ. ಗೆದ್ದ ಮಾಲನ್ನು ಸೈನ್ಯದವರಿಗೆ ದರ್ಜೆ ಪ್ರಕಾರ ಹಂಚಲು ಅಧಿಕಾರಿಗಳ ಒಂದು ಸಮಿತಿಯೇ ಇತ್ತು. ಚಿನ್ನ ಹಂಚಬೇಕಲ್ಲ, ಸಿಂಹಾಸನವನ್ನೇ ಒಡೆದರು. ಇಡೀ ಸಿಂಹಾಸನವನ್ನು ರಾಜನಿಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್‌ಗೆ, ಅಂದರೆ ಆರ್ಥರನ ಅಣ್ಣನಿಗೆ, ಸುದ್ದಿ ಮುಟ್ಟುವಷ್ಟರಲ್ಲಿ ಅದು ಚೂರಾಗಿತ್ತು. ಹುಮಾ ಹಕ್ಕಿ ಮೂರನೇ ಜಾರ್ಜ್ ದೊರೆಗೆ ಹೋಯಿತು. ದೊಡ್ಡ ಹುಲಿತಲೆ 1831ರಲ್ಲಿ ನಾಲ್ಕನೇ ವಿಲಿಯಂಗೆ ಸೇರಿತು. ದಾಖಲೆಗಳಲ್ಲಿ ಇವೆಲ್ಲ ದೊರೆಗೆ ಸಂದ ‘ಕಾಣಿಕೆ’. ಕೊಟ್ಟವರು ಕಂಪನಿಯವರು. ಕಂಪನಿಗೆ ಕೊಟ್ಟವರು ಯಾರು ಅಂತ ಕೇಳಿದರೆ ಆ ಪದ ನಿಲ್ಲುವುದಿಲ್ಲ.

ಇನ್ನು ಮ್ಯೂಸಿಯಂ. ಇಲ್ಲಿಗೆ ಟಿಕೆಟ್ ಇಲ್ಲ. ಇಲ್ಲಿನ ಹೆಸರುವಾಸಿ ವಸ್ತು ಟಿಪ್ಪುವಿನ ಹುಲಿ. ಉದ್ದ ಸುಮಾರು 178 ಸೆಂ.ಮೀ., ಎತ್ತರ 71 ಸೆಂ.ಮೀ. ಅಂಗಾತ ಬಿದ್ದ ಯುರೋಪಿನ ಸಿಪಾಯಿಯ ಮೇಲೆ ಹುಲಿ ಎರಗಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದುತ್ತದೆ, ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾ ಕೈ ಎತ್ತಿ ಇಳಿಸುತ್ತಾನೆ. ಹುಲಿಯ ಮಗ್ಗುಲಿನ ಮುಚ್ಚಳ ತೆಗೆದರೆ ಹಾರ್ಮೋನಿಯಂ ಥರ ನುಡಿಸಲು 18 ದಂತದ ಗುಂಡಿಗಳು. ಮೈ, ಬಣ್ಣ ನಮ್ಮ ಕಡೆಯ ಕೆಲಸ. ಯಂತ್ರದ ಭಾಗದಲ್ಲಿ ಫ್ರೆಂಚರ ಕೈ ಇರಬಹುದೆಂದು ಊಹಿಸಿದವರಿದ್ದಾರೆ. ಪಾಂಡವಪುರದವರಿಗೆ ಇದು ಆಶ್ಚರ್ಯವಾಗಬಾರದು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದಕ್ಕೇ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು.

ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕ ಈ ಹುಲಿಯನ್ನು 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದ ಲೈಬ್ರರಿಯಲ್ಲಿ ಓದುತ್ತಿದ್ದವರಿಗೆ ಆ ಗಲಾಟೆ ತಲೆನೋವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಚಾವಣಿ ಕುಸಿದು ಹುಲಿ ಚೂರುಚೂರಾಯಿತು. ಯುದ್ಧ ಮುಗಿದ ಮೇಲೆ ಜೋಡಿಸಿದರು.

ಇದಕ್ಕೆ ಉಲ್ಟಾ ಪ್ರಯಾಣವೂ ಒಂದಿದೆ. ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಹೆಂಡತಿ ಹೆನ್ರಿಯೆಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪಟ್ಟಣ ನೋಡಲು ಬಂದಳು. ವೇಲ್ಸ್‌ನಲ್ಲಿರುವ ಆ ಮನೆತನದ ಪೊವಿಸ್ ಕೋಟೆಯಲ್ಲಿ ಇಂದೂ ಟಿಪ್ಪುವಿನ ಹೂಚಿತ್ತಾರದ ಡೇರೆ ಇದೆ, ಎಂಟು ಪುಟ್ಟ ಹುಲಿತಲೆಗಳಲ್ಲಿ ಒಂದಿದೆ.

ಹಾಗಾದರೆ ಇಲ್ಲಿ ಏನು ಉಳಿಯಿತು? ಟಿಪ್ಪು ವಾಸವಿದ್ದ ಲಾಲ್ ಮಹಲ್ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರವೇ ಇತ್ತು. ಈಗ ಅಲ್ಲಿ ಬರೀ ಬುನಾದಿ. ದೇವರ ದರ್ಶನ ಮುಗಿಸಿ ಪುಳಿಯೋಗರೆ ತಿಂದು ಬಸ್ಸು ಹತ್ತುವ ನಮ್ಮ ಜನ ಅತ್ತ ತಿರುಗಿಯೂ ನೋಡುವುದಿಲ್ಲ. 1784ರ ದರಿಯಾ ದೌಲತ್ ಬಾಗ್ ಮಾತ್ರ ನಿಂತಿದೆ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯ ಸೋತ ಚಿತ್ರವಿದೆ. ಗೋಡೆಯನ್ನು ಹೊತ್ತೊಯ್ಯಲು ಆಗುವುದಿಲ್ಲವಲ್ಲ. ಆರ್ಥರ್ ವೆಲ್ಲೆಸ್ಲಿ ಆ ಮನೆಯಲ್ಲೇ ವಾಸವಿದ್ದ. ತನ್ನವರ ಸೋಲಿನ ಚಿತ್ರ ದಿನಾ ಅವನ ಕಣ್ಣೆದುರೇ ಇತ್ತು.

ಟಿಪ್ಪು ಬಗ್ಗೆ ನಮ್ಮ ಜಿಲ್ಲೆಯಲ್ಲೇ ಒಂದು ಮಾತಿಲ್ಲ. ಅವನ ಕಾಲದ ಸಾವುಗಳ ನೆನಪಿನಲ್ಲಿ ದೀಪಾವಳಿ ಮಾಡದ ಮನೆಗಳು ಮೇಲುಕೋಟೆಯಲ್ಲಿವೆ. ಆ ಜಗಳ ಇತ್ಯರ್ಥವಾಗದಿದ್ದರೂ ಈ ಸಾಮಾನು ಮಾಡಿದ ಬಡಗಿ, ಅಕ್ಕಸಾಲಿ, ಚಿತ್ರಗಾರರ ಕೈಕೆಲಸ ಎಲ್ಲಿರಬೇಕು ಎಂದು ಕೇಳಬಹುದು ಅಂತ ನನಗನಿಸುತ್ತದೆ. ವಾಪಸಾಗುವುದು ಸುಲಭವಿಲ್ಲ. ವಿಕ್ಟೋರಿಯಾ ಮ್ಯೂಸಿಯಂ ತನ್ನ ವಸ್ತು ಬಿಟ್ಟುಕೊಡದಂತೆ 1983ರ ಕಾನೂನೊಂದು ಕಟ್ಟಿಹಾಕಿದೆ. ಆದರೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮ್ಯೂಸಿಯಂಗಳು 2022ರಲ್ಲಿ ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸಲು ಸಹಿ ಹಾಕಿದವು.

ಖಾಸಗಿಯವರ ಕೈಲಿರುವುದು ಮಾರುಕಟ್ಟೆ ಪಾಲು. ಟಿಪ್ಪುವಿನ ಮಲಗುವ ಮನೆಯ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಅದಕ್ಕೂ ಮೊದಲು, 2021ರ ನವೆಂಬರಿನಲ್ಲಿ, ಸಿಂಹಾಸನದ ಪುಟ್ಟ ಹುಲಿತಲೆಯೊಂದನ್ನು ಹೊರದೇಶಕ್ಕೆ ಸಾಗಿಸದಂತೆ ಬ್ರಿಟನ್ ಸರ್ಕಾರ ತಡೆಹಿಡಿಯಿತು. ಬೆಲೆ 15 ಲಕ್ಷ ಪೌಂಡ್. ಅಷ್ಟು ಮುಖ್ಯವಾದ ವಸ್ತು ದೇಶ ಬಿಟ್ಟು ಹೋಗಬಾರದು, ಬ್ರಿಟನ್ನಿನೊಳಗೇ ಯಾರಾದರೂ ಕೊಳ್ಳಲಿ ಎಂಬುದು ಸರ್ಕಾರ ಕೊಟ್ಟ ಕಾರಣ.