ಕಲ್ಲಿಕೋಟೆಯ ಬಟ್ಟೆಯೂ ಸುಂಕದ ಕಟ್ಟೆಯೂ

ಇತ್ತೀಚೆಗೆ ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗಳಿಗೆಂದು ಹೂಬಳ್ಳಿಯ ಅಚ್ಚಿನ ಹೊದಿಕೆಯೊಂದನ್ನು ಅಂಚೆಯಲ್ಲಿ ಕಳುಹಿಸಲು ಹೋಗಿದ್ದೆ. ಗುಮಾಸ್ತರು ನಮೂನೆಯಿಂದ ತಲೆಯೆತ್ತಿ, "ಇದು ಮಲಗುವ ಚಾದರವೋ ಸಾರ್, ಮಂಚದ ಮೇಲೆ ಅಂದಕ್ಕೆ ಹೊದಿಸುವುದೋ?" ಎಂದರು. ಎರಡೂ ಒಂದೇ ಅಲ್ಲವೇ ಎಂದೆ. "ನಿಮಗೆ ಒಂದೇ ಸಾರ್, ಸುಂಕದವರಿಗೆ ಬೇರೆ" ಎಂದು ನಕ್ಕರು.

ಅವರ ಮಾತು ನಿಜ. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ ಚಾದರಕ್ಕೆ 6302, ಪರದೆಗೆ 6303, ಮಂಚದ ಮೇಲುಹೊದಿಕೆಗೆ 6304. ಅದಕ್ಕೇ ಅರಳೆ ತುಂಬಿ ಹೊಲಿದರೆ ಮೇಜು ಕುರ್ಚಿಗಳಿರುವ 94ನೆಯ ಅಧ್ಯಾಯಕ್ಕೆ ಹೋಗಬೇಕು! ಪದಗಳನ್ನು ವಿಂಗಡಿಸಿ ಪಾಠ ಹೇಳುವುದೇ ಕಸುಬಾದ ನನಗೆ ಇದು ವ್ಯಾಕರಣದಂತೆಯೇ ಕಂಡಿತು. ಆದರೆ ವ್ಯಾಕರಣದಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ಹಣ ಹೋಗುತ್ತದೆ. ಹಿಂದೊಮ್ಮೆ ಅನ್ನವೇ ಹೋಗಿತ್ತು.

ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದುದೇ ಆಂಗ್ಲರ ಬಾಯಲ್ಲಿ ಚಿಂಟ್ಸ್. ಅವರ ಕ್ಯಾಲಿಕೋ ಎಂಬ ಮಾತಿಗೆ ನಮ್ಮ ಕಲ್ಲಿಕೋಟೆಯೇ ತೌರು. ಚೋಳಮಂಡಲ ಕರಾವಳಿಯ ಬಣ್ಣಗಾರರು ಪಟಿಕದ ನೀರನ್ನೂ ಚಾಯಬೇರನ್ನೂ ಬಳಸಿ ಹಾಕಿದ ಕೆಂಪು ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಬಟ್ಟೆ ಆಂಗ್ಲರ ಮೈಮೇಲೂ ಮಂಚದ ಮೇಲೂ ಕಿಟಕಿಯ ಮೇಲೂ ರಾರಾಜಿಸುತ್ತಿತ್ತು. ಅಲ್ಲಿನ ಉಣ್ಣೆ, ರೇಷ್ಮೆಗಳ ನೇಕಾರರು ಬೊಬ್ಬೆಯಿಟ್ಟರು. ಅವರದೂ ಹೊಟ್ಟೆಯೇ ತಾನೆ?

1700ರಲ್ಲಿ ಪಾರ್ಲಿಮೆಂಟು ಹೊರಗಿನಿಂದ ಬರುವ ಬಣ್ಣದ ಬಟ್ಟೆಯನ್ನು ಉಡುವುದೂ ಬಳಸುವುದೂ ಕೂಡದೆಂದಿತು. ಬಿಳಿಯ ಬಟ್ಟೆಗೆ ತಡೆಯಿರಲಿಲ್ಲ. ವರ್ತಕರು ಬಿಳಿಯದನ್ನು ತರಿಸಿ ಲಂಡನ್ನಿನಲ್ಲೇ ಅಚ್ಚೊತ್ತಿಸಿದರು! 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್ ನೇಕಾರರು ದಂಗೆಯೆದ್ದು, ಬೀದಿಯಲ್ಲಿ ಹೋಗುವ ಹೆಂಗಸರ ಕ್ಯಾಲಿಕೋ ಉಡುಪನ್ನು ಹರಿದೆಸೆದರು. 1721ರ ಕಾನೂನು ಎಲ್ಲಿ ಅಚ್ಚಾದರೂ ಸರಿಯೆ, ಅಂಥ ಬಟ್ಟೆಯನ್ನು ನಿಷೇಧಿಸಿತು. ಉಟ್ಟವರಿಗೆ 5 ಪೌಂಡು ದಂಡ. ಹಾಸಿಗೆ, ಕುರ್ಚಿ, ದಿಂಬು, ಪರದೆಗಳಿಗೆ ಬಳಸಿದವರಿಗೆ 20 ಪೌಂಡು. ಪೂರ್ತಿ ನೀಲಿಯಲ್ಲಿ ಅದ್ದಿದ ಬಟ್ಟೆಗೆ ಮಾತ್ರ ಮಾಫಿ. ಒಂದು ಕೆಂಪು ಹೂವು ಮೂಡಿತೋ, ಅಪರಾಧ!

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಬಂದವು. ಆರ್ಕ್‌ರೈಟನ ಮನವಿಯ ಮೇಲೆ 1774ರಲ್ಲಿ, ಅಲ್ಲಿಯೇ ನೂತು ನೇಯ್ದ ಹತ್ತಿಯ ಬಟ್ಟೆಗೆ ಅಚ್ಚೊತ್ತಲು ಅನುಮತಿ ದೊರೆಯಿತು. ಗುರುತಿಗಾಗಿ ಅಂಚಿನಲ್ಲಿ ಮೂರು ನೀಲಿ ಎಳೆಗಳಿರಬೇಕು. ನೋಡಿದಿರಾ, ಅದೇ ಹತ್ತಿ, ಅದೇ ಹೂವು. ಮೂರು ಎಳೆ ಇದ್ದರೆ ಸಾಧು, ಇಲ್ಲದಿದ್ದರೆ ಕಳ್ಳಮಾಲು.

ಮರುವರ್ಷವೇ, 1775ರಲ್ಲಿ, ಪ್ರಖ್ಯಾತ ನಟ ಡೇವಿಡ್ ಗ್ಯಾರಿಕ್ಕನ ಹೆಂಡತಿಗೆ ಕಲ್ಕತ್ತೆಯಿಂದ ಉಡುಗೊರೆಯಾಗಿ ಬಂದಿದ್ದ ಮಂಚದ ಚೀಟಿ ಪರದೆಗಳನ್ನು ಸುಂಕದವರು ಹಿಡಿದಿಟ್ಟರು. ಆಕೆಯ ದುಃಖವನ್ನು ಬಣ್ಣಿಸಿ ಗ್ಯಾರಿಕ್ಕನು ಅಧಿಕಾರಸ್ಥರಿಗೆ ಕಾಗದ ಬರೆದನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಅವನಿಗೆ ಗೊತ್ತಿರಲಿಲ್ಲ, ಪಾಪ. ಆದರೂ ದೊಡ್ಡವರ ಪರಿಚಯವಿದ್ದವನು. ಪರದೆಗಳು ಕೊನೆಗೆ ಅವನ ಮನೆ ಸೇರಿದವು. ಇಂದು ಅವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಅವನ್ನು ಚಿತ್ರಿಸಿದ ಕೈ ಯಾರದೋ, ಹೆಸರಿಲ್ಲ. ಬಟ್ಟೆಗೆ ಮಾತ್ರ ಎಷ್ಟೊಂದು ಹೆಸರು! ಪಟ್ಟಿ ಬರೆಯುವವರು ನೇಯುವವನನ್ನು ಕೇಳಿ ಹೆಸರಿಡುವುದಿಲ್ಲ. ಇಟ್ಟ ಹೆಸರಿನ ಫಲವನ್ನು ಉಣ್ಣುವವನು ಮಾತ್ರ ಅವನೇ. ಸುಂಕದ ಪಟ್ಟಿ ಬರಿಯ ಲೆಕ್ಕದ ಪುಸ್ತಕವೆಂದು ತಿಳಿದಿದ್ದ ನನಗೆ ಈಗ ಅದರ ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ಮಗ್ಗ ಕಾಣಿಸುತ್ತದೆ; ಅದು ಆಡುತ್ತಿದೆಯೋ, ನಿಂತಿದೆಯೋ ಎಂದು ಕಿವಿಗೊಡುವಂತಾಗುತ್ತದೆ.

ನಾನು ನಮೂನೆಯಲ್ಲಿ 6304 ಎಂದು ಬರೆದು ಸಹಿ ಹಾಕಿದೆ. ಹೊದಿಕೆ ಸುಖವಾಗಿ ತಲಪಿತು. ಹುಡುಗಿ ಅದನ್ನು ಹೊದ್ದುಕೊಂಡೇ ಮಲಗುತ್ತಾಳಂತೆ.